ಪ್ರಶ್ನೆಯನ್ನೇ ತಿಂದ ವರ್ಷ

ಈ ಸಲ ಮೃಗಶಿರೆ, ನಮ್ಮ ಕಡೆಯ ಮಿರಗದ ಮಳೆ, ಯರಗಟ್ಟಿಗೆ ಎರಡು ದಿನ ಮೊದಲೇ ಬಂತು. ಮೊದಲ ಮಳೆಯ ಮರುದಿನ ಬೀಜ ಹಂಚುವ ಕೌಂಟರಿನಲ್ಲಿ ಕೂತವರ ಪಾಡು ಕೂತವರಿಗೇ ಗೊತ್ತು. ಬೆಳಗ್ಗೆ ಎಂಟಕ್ಕೇ ಪಾಳಿ ರಸ್ತೆಯವರೆಗೆ ಬೆಳೆದಿತ್ತು. ಕೃಷಿ ಇಲಾಖೆಯಲ್ಲಿ ಸಹಾಯಕ ಅಧಿಕಾರಿಯಾಗಿ ಇದು ನನ್ನ ಎರಡನೇ ಮುಂಗಾರು. ತಲೆ ಎತ್ತದೆ ಹೆಸರು, ಊರು, ಹೊಲದ ಪಹಣಿ ಉತಾರ ಎಂದು ಬರೆದುಕೊಳ್ಳುತ್ತಿದ್ದೆ. ಚಚಡಿಯ ಒಬ್ಬ ಅಜ್ಜಿ ತನ್ನ ಪಾಳಿ ಬಂದಾಗ ಚೀಲ ಎತ್ತಿಸಿಕೊಂಡು ಹೋಗಲಿಲ್ಲ. ಅಲ್ಲೇ ಚೀಲದ ಬಾಯಿ ಬಿಚ್ಚಿಸಿ, ಒಂದು ಹೆಸರುಕಾಳು ತೆಗೆದು, ಹಲ್ಲಿಗೆ ಕೊಡಲು ಹೊರಟಳು. ಅದು ಗುಲಾಬಿ ಬಣ್ಣದ ಔಷಧಿ ಹಚ್ಚಿದ ಬೀಜ.

"ಯಮ್ಮಾ, ಕಡೀಬ್ಯಾಡ್ರಿ! ಔಷಧಿ ಹಚ್ಚೇತಿ!" ಎಂದು ನಾನು ಕೂಗಿದ ರಭಸಕ್ಕೆ ಇಡೀ ಪಾಳಿ ಇತ್ತ ತಿರುಗಿತು.

ಅಜ್ಜಿ ಕಾಳನ್ನು ಎರಡು ಬೆರಳಲ್ಲಿ ಹಿಡಿದುಕೊಂಡೇ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಕಡೀಲಾರದ ಬೀಜ ಹೆಂಗ ನೋಡಬೇಕವಾ ತಂಗಿ?"

ಹಸಿ ಮಣ್ಣು, ಗೋಣಿಚೀಲ, ಬೀಜಕ್ಕೆ ಹಚ್ಚಿದ ಔಷಧಿ, ಮೂರೂ ಕೂಡಿದ ಒಂದು ವಾಸನೆ ಆ ಚೀಲದಿಂದ ಬರುತ್ತಿತ್ತು. ನನಗೆ ತಡೆಯಲಾರದಷ್ಟು ನಗು ಬಂತು. ಏಕೆಂದರೆ ಈ ಅಜ್ಜಿ ಮಾಡಹೊರಟದ್ದನ್ನು ನಾನು ಒಮ್ಮೆ ಮಾಡಿ ಮುಗಿಸಿದ್ದೆ. ಅದೂ ಪರೀಕ್ಷೆಯ ಕೋಣೆಯಲ್ಲಿ, ನನ್ನ ಮುಂದಿನ ಬದುಕೆಲ್ಲ ಆ ಒಂದು ಗಂಟೆಯ ಮೇಲೆ ನಿಂತಿದ್ದಾಗ.

ನಾನು ಸಾಲಹಳ್ಳಿಯವಳು, ರಾಮದುರ್ಗ ತಾಲೂಕು. ಹತ್ತನೇ ಇಯತ್ತೆ ಮುಗಿಸಿ ಪಿಯುಸಿಗೆ ಬೈಲಹೊಂಗಲದ ಸೋದರಮಾವನ ಮನೆಗೆ ಬಂದಿದ್ದೆ. ಬಸಲಿಂಗ ಮಾಮಾನದು ಪೇಟೆಯಲ್ಲಿ ಗೊಬ್ಬರದ ಅಂಗಡಿ. ಒಳ್ಳೆಯ ಮನುಷ್ಯರು, ಆದರೆ ಯಾವ ಮಾತನ್ನೂ ಮೆಲ್ಲಗೆ ಹೇಳಿ ಗೊತ್ತಿಲ್ಲದವರು. ಕಾಲೇಜಿನ ಅರ್ಜಿಯಲ್ಲಿ ವಿಷಯಗಳ ಜಾಗ ಬಂದಾಗ ನನ್ನ ಕೈಯಿಂದ ಪೆನ್ನು ಕಸಿದು ತಾವೇ ಪಿಸಿಎಂಬಿ ಎಂದು ಬರೆದಿದ್ದರು. ಫಿಜಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ. ಬಯಾಲಜಿ ನಾನು ಡಾಕ್ಟರ್ ಆಗಲಿ ಎಂದು, ಮ್ಯಾಥ್ಸ್ ಒಂದು ವೇಳೆ ಆಗದಿದ್ದರೆ ಎಂದು. ಆ ವಯಸ್ಸಿಗೆ ನನಗೂ ಬೇರೇನೂ ಹೊಳೆದಿರಲಿಲ್ಲ. ನಮ್ಮ ಕಡೆ ಚೆನ್ನಾಗಿ ಓದುವ ಹುಡುಗಿಯನ್ನು ಕಂಡವರೆಲ್ಲ ಕೇಳುವ ಪ್ರಶ್ನೆ ಒಂದೇ, "ಡಾಕ್ಟರೋ, ಇಂಜಿನಿಯರೋ?" ಮೂರನೆಯದೊಂದು ಇದೆ ಎಂದು ನನಗೆ ತಿಳಿದದ್ದು ಎರಡನೇ ವರ್ಷದ ದೀಪಾವಳಿ ರಜೆ ಮುಗಿಸಿ ಬಂದ ವಾರ.

ಅಂದು ಬಯಾಲಜಿಯ ಹಿರೇಮಠ ಸರ್ ಪಾಠ ನಿಲ್ಲಿಸಿ, ಪ್ರವೇಶ ಪರೀಕ್ಷೆಗಳ ಬಗ್ಗೆ ಹೇಳತೊಡಗಿದರು. ಯಾವ ಕಾಲೇಜಿಗೆ ಯಾವ ಪರೀಕ್ಷೆ, ಯಾವುದಕ್ಕೆ ಯಾವ ವಿಷಯ ಬೇಕೇಬೇಕು, ಯಾವ ಅರ್ಜಿ ಯಾವಾಗ. ಬೋರ್ಡು ತುಂಬಿದ ಮೇಲೆ ಚಾಕ್‌ಪೀಸು ಕೆಳಗಿಟ್ಟು ಕೇಳಿದರು, "ಇಲ್ಲಿ ರೈತರ ಮಕ್ಕಳು ಯಾರ್ಯಾರು ಅದೀರಿ? ಕೈ ಎತ್ತರಿ."

ಹತ್ತು ಹನ್ನೆರಡು ಕೈ ಎದ್ದವು. ನನ್ನದು ಏಳಲಿಲ್ಲ.

ಯಾಕೆ ಏಳಲಿಲ್ಲ ಎಂದು ಈಗ ಹೇಳಲು ನನಗೆ ನಾಚಿಕೆ. ಬೈಲಹೊಂಗಲಕ್ಕೆ ಬಂದು ಒಂದೂವರೆ ವರ್ಷವಾಗಿತ್ತು. ಯಾರಾದರೂ ಮನೆಯ ಬಗ್ಗೆ ಕೇಳಿದರೆ "ಪೇಟ್ಯಾಗ ನಮ್ಮ ಮಾಮಾನ ಅಂಗಡಿ ಐತಿ" ಎಂದು ಅಲ್ಲಿಗೇ ಮುಗಿಸುವುದನ್ನು ಕಲಿತಿದ್ದೆ. ಸಾಲಹಳ್ಳಿಯ ಕರಿ ಹೊಲ, ಎತ್ತು, ಅಪ್ಪನ ಮಣ್ಣುಗಾಲು ಯಾವುದೂ ಆ ಮಾತಿನಲ್ಲಿ ಬರುತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಪ್ರಾಜಕ್ತಾ ನನ್ನ ಪಕ್ಕೆಗೆ ಪೆನ್ನಿನಿಂದ ತಿವಿದಳು. ಅವಳು ಸವದತ್ತಿಯವಳು. ಅವಳ ಅಜ್ಜ ಊರೂರು ತಿರುಗಿ ಪುರಾಣ ಹೇಳಿದವರು, ಅಪ್ಪ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಆ ಮನೆಯಲ್ಲಿ ಮೂರು ತಲೆಮಾರಿನಿಂದ ಯಾರೂ ಸುಮ್ಮನೆ ಕೂತವರಿಲ್ಲ, ಸುಮ್ಮನಿದ್ದವರನ್ನು ಕೂಡಲು ಬಿಟ್ಟವರೂ ಇಲ್ಲ.

"ನಿಮ್ಮಪ್ಪ ಏನು ಕಲೆಕ್ಟರ್ ಇದ್ದಾರೇನ?" ಎಂದಳು, ಇಡೀ ಕ್ಲಾಸಿಗೆ ಕೇಳುವಂತೆ ಪಿಸುಗುಟ್ಟಿ. "ಎತ್ತ ಕೈ."

ಎತ್ತಿದೆ. ಸರ್ ಮುಂದುವರಿಸಿದರು. ಕೃಷಿ ಕಾಲೇಜಿನ ಸೀಟುಗಳಲ್ಲಿ ರೈತರ ಮಕ್ಕಳಿಗೆ ಒಂದು ಪಾಲು ಬೇರೆಯೇ ಇದೆ. ಅದಕ್ಕೆ ಸಿಇಟಿ ಬರೆದರೆ ಸಾಲದು, ಮೇಲೊಂದು ಪ್ರಾಯೋಗಿಕ ಪರೀಕ್ಷೆ. ಬೀಜ, ಗೊಬ್ಬರ, ರೋಗ ಹತ್ತಿದ ಎಲೆ, ಹೊಲದ ಸಲಕರಣೆ ಎಲ್ಲ ಮುಂದೆ ಇಟ್ಟಿರುತ್ತಾರೆ. ನೋಡಬೇಕು, ಯಾವುದೆಂದು ಬರೆಯಬೇಕು. ಎರಡೂ ಅಂಕ ಕೂಡಿಸಿ ರ‍್ಯಾಂಕು. "ಅಂದ್ರ ನಿಮ್ಮ ಹಿತ್ತಲದಾಗ ಬಿದ್ದ ಸಾಮಾನದ ಮ್ಯಾಲ ಪರೀಕ್ಷಾ ಅನ್ರಿ," ಎಂದು ನಕ್ಕರು.

ಎಲ್ಲರೂ ನಕ್ಕರು. ನನಗೆ ಮಾತ್ರ ಮೈ ಜುಮ್ಮೆಂದಿತು. ಆವರೆಗೆ ನಾನು ಬರೆದ ಪರೀಕ್ಷೆಗಳೆಲ್ಲ ಬೇರೆಯವರ ಮನೆಯ ಸಾಮಾನಿನ ಮೇಲೆ ಇದ್ದವು. ಲೆನ್ಸು ನಮ್ಮ ಮನೆಯಲ್ಲಿರಲಿಲ್ಲ, ಲೋಲಕ ಇರಲಿಲ್ಲ, ಕಾಂತಕ್ಷೇತ್ರ ಇದ್ದರೂ ಕಾಣುತ್ತಿರಲಿಲ್ಲ. ಕೂರಿಗೆ ಇತ್ತು. ನಾಲ್ಕು ವರ್ಷದವಳಿದ್ದಾಗಿನಿಂದ ಅದರ ಬಟ್ಟಲಿಗೆ ಬೀಜ ಬಿಡುವ ಆಯಿಯ ಕೈಯನ್ನು ನೋಡುತ್ತ ಬೆಳೆದವಳು ನಾನು. ಆಯಿ ಎಂದರೆ ಅಪ್ಪನ ಅವ್ವ. ಆ ಕ್ಷಣಕ್ಕೇ ನನಗೆ ಡಾಕ್ಟರೂ ಬೇಡ, ಇಂಜಿನಿಯರೂ ಬೇಡ ಎನ್ನಿಸಿಬಿಟ್ಟಿತು. ಇಂಥ ಖುಷಿ ಮುಚ್ಚಿಟ್ಟುಕೊಳ್ಳಲು ನನಗೆ ಬರುವುದಿಲ್ಲ. ಸಂಜೆ ಅಂಗಡಿಗೆ ಹೋದವಳೇ ಮಾಮಾನ ಮುಂದೆ ಹೇಳಿಬಿಟ್ಟೆ.

ಮಾಮಾ ಗೊಬ್ಬರದ ಚೀಲದ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದರು. "ಹೊಲಾ ಬಿಟ್ಟು ಹೊರಗ ಬರ್ಲಿ ಅಂತ ನಿನ್ನ ಇಲ್ಲಿ ಇಟಗೊಂಡ ಓದಸಾಕ ಹತ್ತೇನಿ. ನೀ ಮತ್ತ ಹೊಲಕ್ಕ ಹೊಂಟೀನಿ ಅಂತಿ?"

"ಹೊಲಕ್ಕಲ್ಲರಿ ಮಾಮಾ, ಕಾಲೇಜಿಗೆ."

"ಕಾಲೇಜ ಮುಗಿಸಿ ಎಲ್ಲಿಗೆ ಹೊಕ್ಕಿ? ಹೊಲಕ್ಕ!"

ಅತ್ತೆ ನಡುವೆ ಬಂದು ಚಹಾ ಕೊಟ್ಟಳು. ಚಹಾ ಮುಗಿಯುವುದರೊಳಗೆ ಒಂದು ಕರಾರು ಆಯಿತು. ನೀಟ್ ಬರೆಯಬೇಕು, ಮನಸ್ಸಿಟ್ಟು ಬರೆಯಬೇಕು. ಕೃಷಿಯ ಪರೀಕ್ಷೆಯನ್ನೂ ಬರೆಯಬಹುದು. "ಎರಡರಾಗೂ ಸೀಟ ಸಿಗಲಿಲ್ಲಂದ್ರ ಒಂದ ವರ್ಷ ಲಾಂಗ್ ಟರ್ಮ್. ಹಾಸ್ಟೆಲಿನ್ಯಾಗ ಇರಬೇಕು, ಮತ್ತ ನೀಟ್ ಬರೀಬೇಕು. ಆಗ ತಕರಾರ ಮಾಡಾಂಗಿಲ್ಲ." ಲಾಂಗ್ ಟರ್ಮ್ ಎಂದರೆ ಏನೆಂದು ನನಗೆ ಗೊತ್ತಿತ್ತು. ನಮ್ಮ ಓಣಿಯ ಒಬ್ಬ ಅಕ್ಕ ಹೋಗಿದ್ದಳು. ಬೆಳಗ್ಗೆ ಐದಕ್ಕೆ ಗಂಟೆ, ಭಾನುವಾರವೂ ಟೆಸ್ಟು, ತಿಂಗಳಿಗೊಮ್ಮೆ ಮನೆಯವರ ಭೇಟಿ. ಓದಿದ್ದನ್ನೇ ಮತ್ತೆ ಓದುವ ಒಂದು ಇಡೀ ವರ್ಷ. ನಾನು ಹೂಂ ಎಂದೆ. ಬೇರೆ ದಾರಿ ಇರಲಿಲ್ಲ, ಮತ್ತು ಆ ಹೊತ್ತಿಗೆ ಸೋಲುತ್ತೇನೆ ಎಂಬ ಕಲ್ಪನೆಯೂ ಇರಲಿಲ್ಲ.

ಮುಂದಿನ ನಾಲ್ಕು ತಿಂಗಳು ಹಬ್ಬದ ಮನೆಯ ಗಡಿಬಿಡಿ. ಪ್ರಾಜಕ್ತಾ ಹಳೇ ಕ್ಯಾಲೆಂಡರಿನ ಬೆನ್ನಿಗೆ ದೊಡ್ಡದೊಂದು ಪಟ್ಟಿ ಬರೆದು ನನ್ನ ಕೋಣೆಯ ಗೋಡೆಗೆ ಹಚ್ಚಿದಳು. ನನ್ನ ಪರೀಕ್ಷೆಗಳು ಹಸಿರಲ್ಲಿ, ಅವಳವು ಕೆಂಪಲ್ಲಿ. ಅವಳಿಗೆ ಒಂದು ವಿಜ್ಞಾನ ಸಂಸ್ಥೆಗೆ ಹೋಗಿ ಬರೀ ಗಣಿತ ಮಾಡುವ ಹುಚ್ಚು. ಅದಕ್ಕೆ ಬೇರೆಯೇ ಒಂದು ಪರೀಕ್ಷೆ, ಬಯಾಲಜಿಯ ಪ್ರಶ್ನೆಗಳೂ ಇರುವಂಥದ್ದು. "ಈ ಕಪ್ಪಿ ಹೊಟ್ಟಿ ಕೊಯ್ದು ನೋಡೋದ್ರಿಂದ ಗಣಿತಕ್ಕ ಏನು ಉಪಯೋಗ ಅದ ಹೇಳು?" ಎಂದು ಗೊಣಗುತ್ತಲೇ ಓದುತ್ತಿದ್ದಳು. ಅವಳು ನನಗೆ ಫಿಜಿಕ್ಸ್ ಹೇಳಿಕೊಡಬೇಕು, ನಾನು ಅವಳಿಗೆ ಬಯಾಲಜಿ. ಇದು ನಮ್ಮ ಕರಾರು. ಕಿತ್ತೂರಿನಲ್ಲಿ ಸುತ್ತಲಿನ ಕಾಲೇಜುಗಳಿಗೆಲ್ಲ ಸೇರಿಸಿ ಒಂದು ಮಾದರಿ ಸಿಇಟಿ ಇಟ್ಟಿದ್ದರು. ಬಸ್ಸಿನಲ್ಲಿ ನಿಂತುಕೊಂಡೇ ಸೂತ್ರ ಹೇಳುತ್ತ ಹೋದೆವು. ಬಯಾಲಜಿಯಲ್ಲಿ ನಾನು ಎಲ್ಲರಿಗಿಂತ ಮುಂದೆ, ಫಿಜಿಕ್ಸಿನಲ್ಲಿ ಹಿಂದಿನಿಂದ ಎಣಿಸಿದರೆ ಬೇಗ ಸಿಗುವ ಜಾಗದಲ್ಲಿ. ತಿರುಗಿ ಬರುವಾಗ ಪ್ರಾಜಕ್ತಾ ಲೆಕ್ಕ ಹಾಕಿ ಹೇಳಿದಳು, "ಸಿಇಟಿ ಒಂದೇ ನಂಬಿದ್ರ ನಿನ್ನ ಸೀಟು ಇಲ್ಲ. ಪ್ರಾಕ್ಟಿಕಲ್‌ನಾಗ ನೀ ಎಲ್ಲಾರನ್ನೂ ಹಿಂದ ಹಾಕಬೇಕು. ಒಂದೂ ತಪ್ಪಬಾರದು."

ಮಾರ್ಚಿಗೆ ಪಿಯುಸಿ ಪರೀಕ್ಷೆ, ಅದರ ಬೆನ್ನಿಗೆ ಸಿಇಟಿ, ಮೇ ತಿಂಗಳಿಗೆ ನೀಟ್. ಕಿತ್ತೂರಿನಲ್ಲಿ ಆದದ್ದೇ ಎಲ್ಲ ಕಡೆ ಆಯಿತು, ಬಯಾಲಜಿ ಎತ್ತಿತು, ಫಿಜಿಕ್ಸ್ ಕೆಡವಿತು. ನೀಟ್ ಮುಗಿದ ಮರುದಿನವೇ ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ಸಾಲಹಳ್ಳಿಗೆ ಹೋದೆ. ಅರ್ಜಿಗೆ ಅಪ್ಪ ಕೃಷಿಕ ಎಂಬ ಪ್ರಮಾಣಪತ್ರ ಬೇಕಿತ್ತು. ಅಪ್ಪ ಹೆಚ್ಚು ಮಾತಿನವನಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನ ಜೊತೆ ಕಚೇರಿಗೆ ಬಂದ. ಕಾಗದ ಕೈಗೆ ಬಂದ ಮೇಲೆ ಎರಡು ಸಲ ಓದಿದ. "ಇಷ್ಟು ವರ್ಷ ರೈತ ಅದೇನಿ ಅಂತ ನಂಗ ಯಾರೂ ಬರದ ಕೊಟ್ಟಿದ್ದಿಲ್ಲ ನೋಡು," ಎಂದ. ಅದನ್ನು ಮಡಿಸದೆ, ಸುಕ್ಕಾಗದ ಹಾಗೆ ನನ್ನ ಪುಸ್ತಕದೊಳಗೆ ಇಟ್ಟ.

ಇನ್ನು ಆಯಿ. ಪರೀಕ್ಷೆಯಲ್ಲಿ ಬೀಜ ಗುರುತಿಸಬೇಕು ಎಂದಾಗ ಅವಳು ನಂಬಲಿಲ್ಲ. "ಜ್ವಾಳಕ್ಕ ಜ್ವಾಳ ಅಂದ್ರ ಕಾಲೇಜಿಗೆ ಕರಕೋತಾರ? ಹುಚ್ಚರದಾರೇನ?" ನಾನು ನಿಜ ಎಂದು ಆಣೆ ಮಾಡಿದ ಮೇಲೆ ಅವಳ ಮೋರೆಯೇ ಬದಲಾಯಿತು. ಅಟ್ಟದ ಮೇಲಿನ ಗಡಿಗೆಗಳು ಕೆಳಗಿಳಿದವು. ಹಳೇ ಸೀರೆಯ ಚೂರುಗಳಲ್ಲಿ ಬೂದಿ ಹಚ್ಚಿ ಕಟ್ಟಿಟ್ಟ ಬೀಜದ ಗಂಟುಗಳು ಒಂದೊಂದೇ ಬಿಚ್ಚಿಕೊಂಡವು. ಬಿಳಿಜೋಳದಲ್ಲೇ ನಾಲ್ಕು ಬಗೆ, ಕಡಲೆಯಲ್ಲಿ ಮೂರು, ಕುಸುಬೆ, ಅಗಸೆ, ಗುರೆಳ್ಳು, ಮಡಿಕೆ ಕಾಳು, ನವಣೆ, ಸಾವೆ. ಮೊರದ ತುಂಬ ಹರವಿ ನನ್ನನ್ನು ಎದುರಿಗೆ ಕೂಡಿಸಿಕೊಂಡಳು. ಕಾಲೇಜಿನಲ್ಲಿ ಯಾವ ಲೆಕ್ಚರರೂ ಆಯಿಯಷ್ಟು ಕಟ್ಟುನಿಟ್ಟಾಗಿ ಪಾಠ ಮಾಡಿದ್ದಿಲ್ಲ.

ಅವಳ ಪಾಠದ ಪದ್ಧತಿ ಒಂದೇ. ಕಾಳು ಕೊಟ್ಟು "ಕಡಿ" ಎನ್ನುವಳು. ಕಟಕ್ ಎಂದು ಎರಡು ಹೋಳಾದರೆ ಒಣಗಿದೆ, ತುಂಬಿಡಬಹುದು. ಹಲ್ಲಿಗೆ ಮೆತ್ತಗಾದರೆ ಇನ್ನೆರಡು ಬಿಸಿಲು ಬೇಕು. ಜೊಳ್ಳೆಂದರೆ ಹುಳು ಬಿದ್ದಿದೆ. ಹೊಸದರ ರುಚಿ ಬೇರೆ, ಹಳೆಯದರ ರುಚಿ ಬೇರೆ. ಬೀಜವನ್ನು ಕಣ್ಣಿಂದ ಅಷ್ಟೇ ನೋಡಿ ಹೆಸರು ಹೇಳಿದರೆ ಆಯಿಗೆ ಸಿಟ್ಟು ಬರುತ್ತಿತ್ತು. "ಕಡೀಲಾರದ ಹೇಳಬ್ಯಾಡ. ಪ್ಯಾಟಿ ಮಂದಿ ಹಂಗ ಹೇಳತಾರ." ಹದಿನೈದು ದಿನದಲ್ಲಿ ನನ್ನ ಕೈ ಬೀಜ ಮುಟ್ಟಿದ್ದೇ ತಡ, ತಾನಾಗಿ ಬಾಯಿಗೆ ಹೋಗುವಂತಾಯಿತು.

ಎರಡು ದಿನ ಪ್ರಾಜಕ್ತಾ ಬಂದಿದ್ದಳು. ಪ್ರತಿ ಬೀಜಕ್ಕೂ ಚೀಟಿ ಬರೆದು, ಅಂಕಿ ಹಾಕಿ, ಪರೀಕ್ಷೆಯ ಹಾಗೆ ತಟ್ಟೆಯಲ್ಲಿ ಜೋಡಿಸಿದಳು. ನನ್ನನ್ನು ತಬ್ಬಿಬ್ಬು ಮಾಡಬೇಕೆಂದು ತನ್ನ ಮನೆಯ ಮಸಾಲೆ ಡಬ್ಬಿಯಿಂದ ಕರಿಜೀರಿಗೆ ಕಟ್ಟಿಕೊಂಡು ಬಂದಿದ್ದಳು. ಅದನ್ನು ಉಳ್ಳಾಗಡ್ಡಿ, ಅಂದರೆ ಈರುಳ್ಳಿ ಬೀಜದ ಪಕ್ಕ ಇಟ್ಟಾಗ ನನಗೆ ನಿಜಕ್ಕೂ ತಿಳಿಯಲಿಲ್ಲ. ಎರಡೂ ಕಪ್ಪು, ಎರಡೂ ಮೂಲೆಮೂಲೆಯಾಗಿ, ಎರಡೂ ಅಷ್ಟಷ್ಟೇ. ಚೀಟಿಗಳು ಅದಲುಬದಲಾಗಿ, ಬರೆದ ಪ್ರಾಜಕ್ತಾಳಿಗೇ ಆಮೇಲೆ ಯಾವುದು ಯಾವುದೆಂದು ತಿಳಿಯದಾಯಿತು. ಆಯಿ ಅಲ್ಲಿಂದಲೇ ಕೈ ಚಾಚಿ, ಒಂದೊಂದು ಕಾಳು ಕಡಿದು, "ಇದು ಉಳ್ಳಾಗಡ್ಡಿ. ಇದು ನಿಮ್ಮನಿ ಒಗ್ಗರಣಿ," ಎಂದು ಬೇರೆ ಮಾಡಿಕೊಟ್ಟಳು. ಪ್ರಾಜಕ್ತಾ ಕೈ ಮುಗಿದಳು. "ಆಯಿ, ನಿಮಗ ಪರೀಕ್ಷಾನೇ ಬ್ಯಾಡ. ನೇರ ಪ್ರೊಫೆಸರ್ ಮಾಡ್ಬೇಕು ನಿಮ್ಮನ್ನ." ಆಯಿ ಆ ಮಾತನ್ನು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದಳು.

ಜೂನಿನಲ್ಲಿ, ನಾನು ಬೈಲಹೊಂಗಲಕ್ಕೆ ತಿರುಗಿ ಬಂದ ಮೇಲೆ, ನೀಟ್ ಫಲಿತಾಂಶ ಬಂತು. ನನ್ನ ರ‍್ಯಾಂಕನ್ನು ಮಾಮಾ ಬಿಡಿ, ಹತ್ತು, ನೂರು ಎಂದು ಬೆರಳಿಟ್ಟು ಓದಬೇಕಾಯಿತು. ಓದಿ ಮುಗಿಸಿ ಫೋನು ಕೆಳಗಿಟ್ಟರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಲಾಂಗ್ ಟರ್ಮ್ ಹಾಸ್ಟೆಲಿನಲ್ಲಿ ನನ್ನ ಹೆಸರಿಗೆ ಒಂದು ಜಾಗ ಹಿಡಿದು ಬಂದರು ಎಂದು ಅತ್ತೆ ಹೇಳಿದಳು. ಉಳಿದದ್ದು ಪ್ರಾಯೋಗಿಕ ಪರೀಕ್ಷೆಯೊಂದೇ, ಅದಕ್ಕೆ ಇನ್ನು ಹತ್ತು ದಿನ. ನನಗೆ ಬೀಜ ಬರುತ್ತಿತ್ತು, ಸಲಕರಣೆ ಬರುತ್ತಿತ್ತು, ಎಲೆಯ ರೋಗಗಳು ಹಿರೇಮಠ ಸರ್ ದಯೆಯಿಂದ ಅಷ್ಟಿಷ್ಟು ಬರುತ್ತಿದ್ದವು. ಗೊಬ್ಬರ ಮಾತ್ರ ಎಲ್ಲ ಬೆಳ್ಳಗೆ ಕಾಣುತ್ತಿತ್ತು. ಮಾಮಾನ ಅಂಗಡಿಯಲ್ಲಿ ಅವು ರಾಶಿ ರಾಶಿ ಇದ್ದವು. ಆದರೆ ಆ ಪರೀಕ್ಷೆಗೆಂದು ಮಾಮಾನನ್ನು ಕೇಳುವ ಧೈರ್ಯ ನನಗಿರಲಿಲ್ಲ.

ಮೂರನೇ ದಿನ ಬೆಳಗ್ಗೆ ಚಹಾಕ್ಕೆ ಕೂತಾಗ ಮಾಮಾ ಜೇಬಿನಿಂದ ಪೇಪರಿನ ನಾಲ್ಕು ಪುಡಿಕೆ ತೆಗೆದು ನನ್ನ ಮುಂದೆ ಬಿಚ್ಚಿದರು. ಮೋರೆ ಮಾತ್ರ ಆ ಕಡೆ.

"ಯಾವ್ಯಾವು ಹೇಳು."

ನಾನು ಒಂದನ್ನು ಸರಿ ಹೇಳಿದೆ, ಮೂರು ತಪ್ಪಿದೆ.

"ನನ್ನ ಅಂಗಡ್ಯಾಗ ಎರಡ ವರ್ಷ ಇದ್ದು ಜಿಂಕಿಗೂ ಮೆಗ್ನೀಸಿಯಂಗೂ ಫರಕ ಗೊತ್ತಿಲ್ಲ ಅಂದ್ರ ಮಂದಿ ನಿನ್ನ ನಗಾಂಗಿಲ್ಲ, ನನ್ನ ನಗತಾರ. ಇಲ್ಲಿ ಬಾ." ಅಂದಿನಿಂದ ದಿನಾ ಬೆಳಗ್ಗೆ ಅಂಗಡಿ ತೆರೆಯುವ ಮೊದಲು ಒಂದು ತಾಸು ಪಾಠ. ಹರಳು ಹೇಗೆ ಹೊಳೆಯುತ್ತದೆ, ಕೈಗೆ ಹೇಗೆ ಅಂಟುತ್ತದೆ, ನೀರಿಗೆ ಹಾಕಿದರೆ ಲೋಟ ಹೇಗೆ ತಣ್ಣಗಾಗುತ್ತದೆ. ನಾನು ಒಮ್ಮೆ ಅಭ್ಯಾಸಬಲದಿಂದ ಪುಡಿಕೆ ಮೂಗಿನ ಹತ್ತಿರ ಒಯ್ದಾಗ ಮಾಮಾ ಹೌಹಾರಿದರು. "ಏ! ಇವೇನ ನಿಮ್ಮ ಆಯಿ ಕಡ್ಲಿ ಅಲ್ಲ. ಬಾಯಾಗ ಹಾಕಿಗೀಕಿ!" ಆ ಎಚ್ಚರಿಕೆಯನ್ನು ನಾನು ಗೊಬ್ಬರಕ್ಕೆ ಮಾತ್ರ ಎಂದು ತಿಳಿದೆ. ತಪ್ಪು ಅಲ್ಲೇ ಆಯಿತು.

ಪರೀಕ್ಷೆ ಧಾರವಾಡದಲ್ಲಿ. ಕರೆದೊಯ್ದವರು ಮಾಮಾ. ಬೇರೆ ಯಾರು ಬರುತ್ತೇನೆ ಎಂದರೂ ಬಿಡಲಿಲ್ಲ. ಉದ್ದನೆಯ ಕೋಣೆ, ಸುತ್ತಲೂ ಮೇಜು, ಮೇಜಿನ ಮೇಲೆ ಅಂಕಿ ಹಾಕಿದ ತಟ್ಟೆಗಳು. ಗಂಟೆ ಬಾರಿಸಿದಾಗ ಒಂದು ತಟ್ಟೆಯಿಂದ ಮುಂದಿನದಕ್ಕೆ ಸರಿಯಬೇಕು. ಹಿಂದಕ್ಕೆ ಹೋಗುವಂತಿಲ್ಲ. ಮೊದಲ ತಟ್ಟೆಯಲ್ಲಿ ಕುಸುಬೆ. ಎರಡನೆಯದರಲ್ಲಿ ರೆಂಟೆಯ, ಅಂದರೆ ನೇಗಿಲಿನ ಗುಳ. ಮೂರನೆಯದರಲ್ಲಿ ಪೊಟ್ಯಾಷ್, ಮಾಮಾನ ಅಂಗಡಿಯ ಬಾಗಿಲ ಪಕ್ಕದ ಕೆಂಪು ಚೀಲ. ನನ್ನ ಎದೆ ಕುಣಿಯತೊಡಗಿತು. ಗಂಟೆ ಬಾರಿಸಿದ ಹಾಗೆಲ್ಲ ಒಂದೊಂದು ಪರಿಚಯದ ಮುಖ ಎದುರಾಗುತ್ತಿತ್ತು. ಕಳೆ ತೆಗೆಯುವ ಎಡೆಕುಂಟೆ, ನವಣೆ, ಜಿಂಕ್, ತುಕ್ಕು ಹಿಡಿದ ಗೋಧಿ ಎಲೆ, ಮಡಿಕೆ ಕಾಳು. ಪಕ್ಕದ ಹುಡುಗ ಪೆನ್ನು ಕಚ್ಚುತ್ತ ನಿಂತಿದ್ದ. ನಾನು ಬರೆದು ಮುಗಿಸಿ ಗಂಟೆಗೆ ಕಾಯುತ್ತಿದ್ದೆ. ಇಷ್ಟು ಖುಷಿಯಾಗಿ ನಾನು ಯಾವ ಪರೀಕ್ಷೆಯನ್ನೂ ಬರೆದಿರಲಿಲ್ಲ, ಆಮೇಲೆಯೂ ಬರೆದಿಲ್ಲ.

ಇಪ್ಪತ್ತಮೂರನೇ ತಟ್ಟೆಯಲ್ಲಿ ಐದಾರು ಕಪ್ಪು ಕಾಳು. ಮೂಲೆಮೂಲೆಯಾದ ಕಪ್ಪು ಕಾಳು.

ಉಳ್ಳಾಗಡ್ಡಿಯೋ, ಕರಿಜೀರಿಗೆಯೋ? ಬಗ್ಗಿ ನೋಡಿದೆ. ಆಚೆ ನಿಂತು ನೋಡಿದೆ. ಪ್ರಾಜಕ್ತಾ ಹೇಳಿದ "ಒಂದೂ ತಪ್ಪಬಾರದು" ಎಂಬ ಮಾತು ಕಿವಿಯಲ್ಲಿ ಕೂತಿತ್ತು. ಮುಂದಿನದು ನಾನು ಯೋಚಿಸಿ ಮಾಡಿದ್ದಲ್ಲ. ಕೈ ಹೋಯಿತು, ಒಂದು ಕಾಳು ಎತ್ತಿತು, ಬಾಯಿಗೆ ಹಾಕಿತು. ಕಟಕ್. ನಾಲಿಗೆಗೆ ಖಾರ ಹತ್ತಿತು, ಉಳ್ಳಾಗಡ್ಡಿಯ ಖಾರ. ಸ್ವಲ್ಪ ಮಂಕಾದ ಖಾರ. ಖುಷಿಯಿಂದ ಬರೆದೆ. ತಲೆ ಎತ್ತಿದರೆ ಮೇಜಿನ ಆಚೆ ಬಿಳಿ ಕೂದಲಿನ ಪ್ರೊಫೆಸರ್ ಒಬ್ಬರು ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡುತ್ತಿದ್ದರು.

"ಏನ್ ಮಾಡಿದ್ರಿ ನೀವು ಈಗ?"

"ಕಡದ್ನಿರಿ ಸರ್."

"ಏನನ್ನ?"

ನಾನು ತಟ್ಟೆ ತೋರಿಸಿದೆ. ಅವರ ದನಿ ಏರಿತು. "ಪ್ರಶ್ನೀನ ತಿಂದ್ರ್ಯಾ?" ಕೋಣೆಯೆಲ್ಲ ಗೊಳ್ಳೆಂದಿತು. ಅವರು ಮಾತ್ರ ನಗಲಿಲ್ಲ. ನನ್ನ ತೋಳು ಹಿಡಿದು ಬದಿಗೆ ಕರೆದೊಯ್ದರು. "ಉಗುಳ್ರಿ ಮೊದಲ. ಬಾಯಿ ತೊಳ್ಕೊಳ್ರಿ. ಇದರಾಗ ಔಷಧಿ ಹಚ್ಚಿದ ಬೀಜಾನೂ ಇಟ್ಟೇವಿ, ಗೊತ್ತದ ಏನು? ಜೀವಕ್ಕ ಏನರೆ ಆಗಿದ್ರ ಯಾರು ಜವಾಬ್ದಾರಿ?" ಬಾಟಲಿಯ ನೀರು ಕೈಗಿಟ್ಟರು. ನಾನು ಕಿಟಕಿಯ ಹೊರಗೆ ಬಾಯಿ ಮುಕ್ಕಳಿಸುತ್ತಿದ್ದಾಗ ಗಂಟೆ ಬಾರಿಸಿತು. ಇನ್ನೊಮ್ಮೆ ಬಾರಿಸಿತು. ಮತ್ತೊಮ್ಮೆ. ನನ್ನ ಜಾಗಕ್ಕೆ ಹಿಂದಿನವರು ಬಂದಾಗಿತ್ತು. ಮೂರು ತಟ್ಟೆಗಳು ನನ್ನನ್ನು ಬಿಟ್ಟು ಹೋದವು.

ತಿರುಗಿ ಬರುವಾಗ ಪ್ರೊಫೆಸರ್ ಸಣ್ಣ ದನಿಯಲ್ಲಿ ಕೇಳಿದರು, "ಏನಿತ್ತು ಅದು?"

"ಉಳ್ಳಾಗಡ್ಡಿ ಬೀಜ ಸರ್. ಆದ್ರ ಹಳೇದರಿ. ಬಿತ್ತಿದ್ರ ನಾಟಾಂಗಿಲ್ಲ."

ಅವರು ನನ್ನನ್ನೊಮ್ಮೆ, ತಟ್ಟೆಯನ್ನೊಮ್ಮೆ ನೋಡಿದರು. "ಮುಂದ ನಡೀರಿ," ಎಂದರು ಅಷ್ಟೇ. ಉಳಿದ ತಟ್ಟೆಗಳಲ್ಲಿ ಏನಿತ್ತೆಂದು ನನಗೆ ಇಂದಿಗೂ ಸರಿಯಾಗಿ ನೆನಪಿಲ್ಲ. ಬರೆದೆ.

ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ಮಾಮಾ ನಿಂತಿದ್ದರು. ಅವರ ಮುಖ ಕಂಡದ್ದೇ ನನ್ನ ಅಳು ಕಟ್ಟೆ ಒಡೆಯಿತು. ಬಿಕ್ಕುತ್ತ ಎಲ್ಲ ಹೇಳಿದೆ. ಮೂರು ಪ್ರಶ್ನೆ ಹೋದವು, ನಾನು ನನ್ನ ಕೈಯಾರೆ ಹಾಳುಮಾಡಿಕೊಂಡೆ, ಹಾಸ್ಟೆಲಿಗೆ ಹೋಗುತ್ತೇನೆ, ತಕರಾರು ಮಾಡುವುದಿಲ್ಲ ಎಂದೆ. ಮಾಮಾ ತಮ್ಮ ಕರವಸ್ತ್ರ ತೆಗೆದು ನನ್ನ ಕೈಗಿಟ್ಟರು. ಆಮೇಲೆ ಕೇಳಿದರು, "ಕಡದಾಗ ನಾಲಿಗಿಗೆ ಏನ ಹತ್ತಿತು?"

"ಉಳ್ಳಾಗಡ್ಡಿ."

"ಉಳ್ಳಾಗಡ್ಡಿ ಅಂತನ ಬರದಿ?"

"ಹೂಂ."

"ಹಂಗಾರ ಅದೊಂದು ಖರೇ ಐತಿ," ಎಂದವರೇ ನಗಲು ಸುರು ಮಾಡಿದರು. ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಒರೆಸಿಕೊಂಡು, ಗಿಡಕ್ಕೆ ಆತು ನಕ್ಕರು. "ಪ್ರಶ್ನೀನ ತಿಂದ ಬಂದಾಳಂತ!" ಅಳುತ್ತಿದ್ದ ನಾನೂ ನಕ್ಕೆ. ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೂ ಈ ಕಥೆ ಹೇಳಿಯೇ ಅವರು ಬೈಲಹೊಂಗಲ ಮುಟ್ಟಿದ್ದು.

ನಗದವಳು ಆಯಿ ಒಬ್ಬಳೇ. ಸಾಲಹಳ್ಳಿಗೆ ಹೋಗಿ ಹೇಳಿದಾಗ ಕೇಳುತ್ತ ಕೇಳುತ್ತ ಅವಳ ಮೋರೆ ಸಣ್ಣದಾಯಿತು. "ನಾನ ಕಲ್ಸಿದ್ನೆಲ್ಲ ನಿಂಗ ಕಡಿಯಾಕ," ಎಂದಳು. "ನನ್ನಿಂದ ಹಾಳಾತೇನವಾ ನಿಂದು?" ಇಲ್ಲ ಆಯಿ, ಅದರಿಂದಲೇ ಒಂದು ಉತ್ತರ ಸರಿಯಾಯಿತು ಎಂದು ನಾನು ಎಷ್ಟು ಹೇಳಿದರೂ ಅವಳ ಕಿವಿಗೆ ಹೋದದ್ದು ಕಳೆದುಹೋದ ಮೂರು ಮಾತ್ರ. ಗಡಿಗೆಗಳು ಅಟ್ಟ ಹತ್ತಿದವು. ಆಗಸ್ಟಿಗೆ ಹೆಸರುಕಾಳು ಒಕ್ಕಿ ಅಂಗಳದಲ್ಲಿ ಒಣಹಾಕಿದಾಗ ಆಯಿ ಕಾಳು ಮುಟ್ಟಿ ನೋಡುತ್ತಾಳೆ, ಬಾಯಿಗೆ ಹಾಕಿಕೊಳ್ಳುವುದಿಲ್ಲ ಎಂದು ಅವ್ವ ಫೋನಿನಲ್ಲಿ ಹೇಳಿದಳು. "ಒಣಗ್ಯಾವೇನು ಅಂತ ಕೇಳಿದ್ರ, ನಂಗೇನ ಗೊತ್ತು, ಓದಿದವರನ್ನ ಕೇಳ್ರಿ ಅಂತಾಳ." ನನ್ನ ಸೀಟಿನ ಚಿಂತೆಗಿಂತ ಆ ಮಾತು ನನಗೆ ಹೆಚ್ಚು ನೋವು ಕೊಟ್ಟಿತು.

ಕಾಲೇಜುಗಳ ಆಯ್ಕೆ ತುಂಬುವ ದಿನ ಕಂಪ್ಯೂಟರ್ ಅಂಗಡಿಗೆ ಮಾಮಾನೂ ಬಂದು ಬೆನ್ನ ಹಿಂದೆ ನಿಂತರು. ನಾನು ಕೃಷಿ ಕಾಲೇಜುಗಳನ್ನಷ್ಟೇ ಒಂದರ ಕೆಳಗೊಂದು ಹಾಕಿದೆ. ಬೇರೆ ಏನೂ ಹಾಕಲಿಲ್ಲ. ಮಾಮಾ ಓದಿ, "ಧಾರವಾಡ ಮೊದಲ ಹಾಕಿದಿ, ಭೇಷ್. ಅಲ್ಲಿ ನಿನ್ನ ಗುರ್ತಾ ಹಿಡಿಯೋರು ಅದಾರ," ಎಂದರು.

ಸೀಟು ಹಂಚಿದ ಪಟ್ಟಿ ಬಂದದ್ದು ಅದೇ ಆಗಸ್ಟಿನ ಒಂದು ಮಧ್ಯಾಹ್ನ. ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. ಪ್ರಾಜಕ್ತಾ ಆಗಲೇ ತನ್ನ ಪರೀಕ್ಷೆ ಗೆದ್ದು ಪೆಟ್ಟಿಗೆ ಕಟ್ಟುತ್ತಿದ್ದವಳು, ನನಗಿಂತ ಮೊದಲು ನನ್ನ ನಂಬರು ಹಾಕಿ ನೋಡಿ ಸವದತ್ತಿಯಿಂದ ಫೋನು ಮಾಡಿದಳು. ಮೊದಲು ಬರೀ ಕಿರುಚಾಟ. ಆಮೇಲೆ ಮಾತು. "ಸಿಕ್ತು! ಕಸ್ತೂರಿ, ಸಿಕ್ತು! ವಿಜಯಪುರ! ರೈತರ ಕೋಟಾದಾಗ!" ಧಾರವಾಡಕ್ಕೆ ಸ್ವಲ್ಪದರಲ್ಲಿ ತಪ್ಪಿತ್ತು, ಬಹುಶಃ ಆ ಮೂರು ತಟ್ಟೆಗಳಷ್ಟು. ನನಗೆ ಯಾವ ಊರಾದರೇನು? ಮಾಮಾ ಅಂಗಡಿಯಲ್ಲಿದ್ದ ಗಿರಾಕಿಗಳಿಗೆಲ್ಲ ಚಹಾ ಹೇಳಿದರು. ಹಾಸ್ಟೆಲಿನವರಿಗೆ ತಾವೇ ಫೋನು ಮಾಡಿ, "ನಮ್ಮ ಹುಡುಗಿ ಬರಾಂಗಿಲ್ರಿ, ಆಕಿಗೆ ಹೊಲದಾಗ ಕೆಲಸ ಐತಿ," ಎಂದು ಜೋರಾಗಿ ಹೇಳಿದರು.

ನಾನು ಸಾಲಹಳ್ಳಿಗೆ ಫೋನು ಹಚ್ಚಿದೆ. ಅಪ್ಪ ಎತ್ತಿದ. ಸಿಕ್ಕಿತು ಎಂದೆ. ಅವನು ಎರಡು ಸಲ "ಹೌದ? ಹೌದ?" ಎಂದ. ಆಯಿಗೆ ಕೊಡು ಎಂದೆ. ಆಯಿ ಫೋನಿನಲ್ಲಿ ಮಾತಾಡುವವಳಲ್ಲ. ಅದನ್ನು ಕಿವಿಗೆ ಹಿಡಿಯಲೂ ಅವಳಿಗೆ ಬೇಸರ. ಆ ಕಡೆ ಅಪ್ಪ ಹೇಳಿದ್ದು ನನಗೆ ಕೇಳಿಸಿತು, "ಯವ್ವಾ, ಸೀಟ ಸಿಕ್ಕತಂತ. ನೀ ಕಲಿಸಿದ್ದ ಹಾಳಾಗಿಲ್ಲ."

ಅಂಗಳದಲ್ಲಿ ಹೆಜ್ಜೆಯ ಸದ್ದು, ಒಣ ಕಾಳುಗಳ ಮೇಲೆ ಕೈಯಾಡಿಸಿದ ಸರಸರ ಸದ್ದು. ಮತ್ತೆ ಹೆಜ್ಜೆಗಳು ಹತ್ತಿರ ಬಂದವು. ಫೋನಿನ ಬಳಿ ಯಾರೋ ಉಸಿರು ಬಿಟ್ಟರು.

"ಕಸ್ತೂ, ಕೇಳು," ಎಂದಳು ಆಯಿ.

ಕಟಕ್ ಎಂದಿತು.

"ಒಣಗ್ಯಾವು," ಎಂದಳು. "ಹೆಸರು ತುಂಬತೇವಿ ಈಗ. ನೀ ಊಟಾ ಮಾಡಿಯೇನು?"